ಚೌಡಿ ಬನಕ್ಕೆ ಸೂರು ಬೇಕಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಹಿಂದಿನ ಸಂಚಿಕೆಯಲ್ಲಿ ಯುರೋಪಿನ ಹೊಸ ಪೇಗನ್ನರ ಬಗ್ಗೆ ಬರೆದಿದ್ದೆ. ಸೂರ್ಯ, ಚಂದ್ರ, ಮರ, ಋತು ಇವನ್ನೇ ಪೂಜಿಸುವ ಜನ ಅವರು. ಎಲ್ಲರಿಗೂ ಸೇರಿ ಒಂದೇ ಗ್ರಂಥ, ಒಬ್ಬನೇ ಗುರು ಅಂತ ಅವರಲ್ಲಿಲ್ಲ. ಬಂದ ಪತ್ರಗಳಲ್ಲಿ ಕೆಲವು ಆ ದೇಶಗಳ ವಿಷಯ ಕೇಳಿದವು, ಜಾಸ್ತಿ ಪತ್ರಗಳು ನೇರವಾಗಿ ನಮ್ಮ ತೋಟ, ಗದ್ದೆ, ಬನಗಳ ಕಡೆಗೇ ಬಂದವು. ನನಗೆ ಅದೇ ಖುಷಿ. ಜಾಗ ಇದ್ದಷ್ಟಕ್ಕೆ ಉತ್ತರಿಸಿದ್ದೇನೆ. ಹೆಸರು ಹಾಕಬೇಡಿ ಎಂದು ಹೆಚ್ಚಿನವರು ಕೇಳಿರುವುದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಪೇಗನ್ ಧರ್ಮ ಸಾವಿರಾರು ವರ್ಷ ಹಳೆಯದು, ಮಾಟಗಾತಿಯರು ಅಂತ ಸುಟ್ಟು ಕೊಂದ 90 ಲಕ್ಷ ಹೆಂಗಸರು ಅದನ್ನು ಗುಟ್ಟಾಗಿ ಉಳಿಸಿಕೊಂಡು ಬಂದಿದ್ದರು ಅಂತ ಒಂದು ವಿಡಿಯೋದಲ್ಲಿ ನೋಡಿದೆ. ನಿಜವಾ? ನಿಜ ಅಲ್ಲದಿದ್ದರೆ ಅದನ್ನು ಧರ್ಮ ಅನ್ನಬಹುದಾ?
– ಪದವಿ ವಿದ್ಯಾರ್ಥಿ, ಹಾಸನ

ಉತ್ತರ: ನಿಜ ಅಲ್ಲ. ಮಾಟಗಾತಿಯರು ಎಂಬ ಆರೋಪ ಹೊರಿಸಿ ಯುರೋಪಿನಲ್ಲಿ ಕೊಂದದ್ದು ಸುಳ್ಳಲ್ಲ, ಅದು ದೊಡ್ಡ ಅನ್ಯಾಯವೇ. ಆದರೆ ಇತಿಹಾಸಕಾರರು ಈಗ ಹೇಳುವ ಲೆಕ್ಕ ಸುಮಾರು 40ರಿಂದ 50 ಸಾವಿರ, ಅದರಲ್ಲಿ ಗಂಡಸರೂ ಇದ್ದರು. ಸತ್ತವರಲ್ಲಿ ಬಹುಪಾಲು ಜನ ತಮ್ಮನ್ನು ಕ್ರೈಸ್ತರೆಂದೇ ತಿಳಿದಿದ್ದವರು. ಅವರೆಲ್ಲ ಒಂದು ಗುಟ್ಟಿನ ಹಳೆ ಧರ್ಮದವರು ಅಂತ 1921ರಲ್ಲಿ ಬರೆದವರು ಮಾರ್ಗರೆಟ್ ಮರ್ರಿ. ಅವರು ಈಜಿಪ್ಟಿನ ಇತಿಹಾಸ ಓದಿದವರು. ಆ ವಾದ ಇತಿಹಾಸಕಾರರ ಪರೀಕ್ಷೆಯಲ್ಲಿ ನಿಲ್ಲಲಿಲ್ಲ.

ಇವತ್ತು ವಿಕ್ಕಾ ಅಂತ ಕರೆಯುವ ಪಂಥವನ್ನು ಹೊರಜಗತ್ತಿಗೆ ತಂದವರು ಜೆರಾಲ್ಡ್ ಗಾರ್ಡ್‌ನರ್. ಹುಡುಗನಾಗಿದ್ದಾಗ ಸಿಲೋನಿನ ಟೀ ಎಸ್ಟೇಟಿನಲ್ಲಿ ಕೆಲಸ ಮಾಡಿ, ಆಮೇಲೆ ಮಲಯದಲ್ಲಿ ಸರ್ಕಾರಿ ನೌಕರಿ ಮಾಡಿ, ರಿಟೈರ್ ಆದ ಮೇಲೆ ಇಂಗ್ಲೆಂಡಿಗೆ ಮರಳಿದ ಮನುಷ್ಯ. ಅಲ್ಲಿ 1735ರ ಮಾಟವಿದ್ಯೆ ಕಾಯ್ದೆ ರದ್ದಾಗಿದ್ದು 1951ರಲ್ಲಿ. ಅವರ ಪುಸ್ತಕ ಬಂದದ್ದು 1954ರಲ್ಲಿ. ಅಂದರೆ ನಮ್ಮ ಅಜ್ಜ ಅಜ್ಜಿಯರ ಕಾಲದ ಸಂಗತಿ ಇದು. ಪೂಜಿಸುವ ದೇವರುಗಳ ಹೆಸರು ಹಳೆಯವು, ಪೂಜೆಯ ಕ್ರಮ ಹೊಸದು.

ನನಗೆ ಇದರಲ್ಲಿ ಮೆಚ್ಚುಗೆಯಾಗುವ ವಿಷಯ ಬೇರೆ. ಬ್ರಿಸ್ಟಲ್ ವಿಶ್ವವಿದ್ಯಾಲಯದ ರೊನಾಲ್ಡ್ ಹಟನ್ 1999ರಲ್ಲಿ ಈ ಇತಿಹಾಸವನ್ನೆಲ್ಲ ಬಿಚ್ಚಿಟ್ಟಾಗ ಕೆಲವರಿಗೆ ಕೋಪ ಬಂತು, ಆದರೆ ಬಹಳಷ್ಟು ಪೇಗನ್ನರು ಓದಿದರು, ಹೌದು ಅಂತ ಒಪ್ಪಿಕೊಂಡರು, ಹುಣ್ಣಿಮೆ ದಿನ ಎಂದಿನಂತೆ ಹೋಗಿ ದೀಪ ಹಚ್ಚಿದರು. ನಮ್ಮ ಆಚರಣೆ ಅನಾದಿ ಕಾಲದ್ದು ಅಂತ ಸಾಬೀತಾದರೆ ಮಾತ್ರ ಅದಕ್ಕೆ ಬೆಲೆ ಅಂತ ಅವರು ಹಟ ಹಿಡಿಯಲಿಲ್ಲ. ಧರ್ಮ ಅನ್ನಬಹುದಾ ಅಂತ ಕೇಳಿದಿರಿ. ಅನ್ನಬಹುದು. ಸುಳ್ಳು ಚರಿತ್ರೆಯ ಊರುಗೋಲು ಕಿತ್ತುಕೊಂಡ ಮೇಲೂ ನಿಂತಿದೆಯಲ್ಲ.

ಪ್ರಶ್ನೆ: ಮೇಡಂ, ನನ್ನ ಮಗಳಿಗೆ 19 ವರ್ಷ. ಹುಣ್ಣಿಮೆ ದಿನ ತಾರಸಿ ಮೇಲೆ ಕ್ಯಾಂಡಲ್ ಹಚ್ಚಿ, ನೀರಿನ ಬಟ್ಟಲಿಟ್ಟು ಸುಮ್ನೆ ಕೂತಿರುತ್ತಾಳೆ. ಕೇಳಿದರೆ ವಿಕ್ಕಾ ಅಂತಾಳೆ. ಮನೆ ದೇವರಿಗೆ ಕೈ ಮುಗಿಯೋದು ಬಿಟ್ಟಿದ್ದಾಳೆ. ಇದು ಮಾಟ ಮಂತ್ರ ಇರಬಹುದಾ? ಆನ್‌ಲೈನಿನಲ್ಲಿ ಯಾರೋ ಗುರುವಿಗೆ ತಿಂಗಳಿಗೆ ದುಡ್ಡು ಬೇರೆ ಕಟ್ಟುತ್ತಾಳೆ.
– ಗೃಹಿಣಿ, ಚಿಕ್ಕಮಗಳೂರು

ಉತ್ತರ: ಹೆದರಬೇಡಿ ಅಮ್ಮ. ಮೇಣದಬತ್ತಿ ಹಚ್ಚಿ ಚಂದ್ರನನ್ನು ನೋಡುವುದು ಮಾಟ ಅಲ್ಲ. ನಮ್ಮ ರಾಜ್ಯದಲ್ಲಿ ಅಮಾನವೀಯ ಪದ್ಧತಿ ಮತ್ತು ವಾಮಾಚಾರ ತಡೆಯಲು 2017ರಲ್ಲಿ ಆದ ಕಾಯ್ದೆ ಇದೆ, 2020ರಿಂದ ಜಾರಿಯಲ್ಲಿದೆ. ಅದು ಹಿಡಿಯುವುದು ದೆವ್ವ ಬಿಡಿಸುತ್ತೇನೆಂದು ಹೊಡೆಯುವವರನ್ನು, ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಹೋಗದಂತೆ ತಡೆದು ಮಂತ್ರ ಹಾಕುವವರನ್ನು. ನಿಮ್ಮ ತಾರಸಿಯ ಮೇಲೆ ಅಂಥದ್ದೇನೂ ನಡೆಯುತ್ತಿಲ್ಲ. ಮನೆ ದೇವರಿಗೆ ಕೈ ಮುಗಿಯಲೇಬೇಕು ಅಂತ ಜಗಳ ತೆಗೆದರೆ ಅವಳು ದೇವರಿಂದಲ್ಲ, ನಿಮ್ಮಿಂದ ದೂರ ಹೋಗುತ್ತಾಳೆ. ಒಂದು ದಿನ ನೀವೂ ಹೋಗಿ ಪಕ್ಕದಲ್ಲಿ ಕೂತು ನೋಡಿ. ಏನೂ ಕೇಳಬೇಡಿ.

ದುಡ್ಡಿನ ವಿಷಯ ಮಾತ್ರ ನನಗೂ ಕಸಿವಿಸಿ. ಅವಳಿಗೆ ಡೋರೀನ್ ವ್ಯಾಲಿಯೆಂಟೆ ಎಂಬ ಹೆಂಗಸಿನ ಕತೆ ಹೇಳಿ. 1953ರಲ್ಲಿ ಗಾರ್ಡ್‌ನರ್ ಗುಂಪಿಗೆ ಸೇರಿದವರು, ಅವರ ಪೂಜಾ ಪಾಠಗಳನ್ನು ಎಷ್ಟೋ ಮಟ್ಟಿಗೆ ತಿದ್ದಿ ಬರೆದವರು, ಗುಂಪಿನ ಮುಖ್ಯ ಪೂಜಾರಿಣಿ ಆಗಿದ್ದವರು. ಗಾರ್ಡ್‌ನರ್ ಪತ್ರಿಕೆಗಳ ಮುಂದೆ ಹೋಗಿ ಪ್ರಚಾರ ಮಾಡುವುದು ಜಾಸ್ತಿಯಾದಾಗ ಗುಂಪಿನವರು, ನಮಗೊಂದು ನಿಯಮ ಇರಲಿ ಅಂದರು. ಅದಕ್ಕೆ ಗಾರ್ಡ್‌ನರ್, ನಿಯಮ ಹಿಂದಿನಿಂದಲೂ ಇದೆ ಎಂದು ಹೇಳಿ ಅದುವರೆಗೆ ಯಾರೂ ಕಾಣದ ಒಂದು ಹಳೆ ಕಟ್ಟಳೆಯ ಪಟ್ಟಿ ಹೊರತೆಗೆದರು. ಪೂಜಾರಿಣಿಗೆ ವಯಸ್ಸಾದಾಗ ಅವಳು ಚಿಕ್ಕವಳೊಬ್ಬಳಿಗೆ ಜಾಗ ಬಿಟ್ಟು ಮರ್ಯಾದೆಯಿಂದ ಸರಿಯಬೇಕು ಅಂತ ಅದರಲ್ಲಿತ್ತು. ಡೋರೀನ್ ಅದನ್ನು ನಂಬಲಿಲ್ಲ. ಇದು ನಿಮಗೆ ಬೇಕಾದಾಗ ಹುಟ್ಟಿದ ಕಟ್ಟಳೆ ಎಂದು 1957ರಲ್ಲಿ ಹೊರಗೆ ನಡೆದರು. ಆದರೆ ದೇವಿಯನ್ನು ಬಿಡಲಿಲ್ಲ. 1999ರಲ್ಲಿ ತೀರಿಕೊಳ್ಳುವವರೆಗೂ ತಮ್ಮ ದಾರಿಯಲ್ಲೇ ನಡೆದರು.

ಗುರುವನ್ನು ಬಿಟ್ಟರೆ ನಂಬಿಕೆ ಹೋಗುವುದಿಲ್ಲ ಅಂತ ನಿಮ್ಮ ಮಗಳಿಗೆ ಗೊತ್ತಿರಬೇಕು. ಒಬ್ಬಂಟಿಯಾಗಿ ಆಚರಿಸುವ ಪೇಗನ್ನರು ಎಷ್ಟೋ ದೇಶಗಳಲ್ಲಿ ಇದ್ದಾರೆ, ಅದಕ್ಕೆ ಯಾರ ಸರ್ಟಿಫಿಕೇಟೂ ಬೇಡ. ಹೆದರಿಸುವ, ಮನೆಯವರಿಂದ ಮುಚ್ಚಿಡು ಅನ್ನುವ, ಮುಂದಿನ ಹಂತಕ್ಕೆ ಇಷ್ಟು ಕಟ್ಟು ಅನ್ನುವ ಗುರು ಯಾವ ಧರ್ಮದವನಾದರೂ ದೂರ ಇಡಬೇಕು.

ಪ್ರಶ್ನೆ: ನನಗೆ ದೇವರಿದ್ದಾನೆ ಅಂತ ಅನ್ನಿಸುವುದಿಲ್ಲ. ಆದರೂ ಸಂಜೆ ದೀಪ ಹಚ್ಚಿದರೆ ಮನಸ್ಸಿಗೆ ಹಿತ. ಇದು ಆಷಾಢಭೂತಿತನ ಅಲ್ವಾ?
– ಶಿಕ್ಷಕರು, ಬೇಲೂರು

ಉತ್ತರ: ಅಲ್ಲ. ಐಸ್‌ಲ್ಯಾಂಡಿನಲ್ಲಿ ಹಳೆಯ ನಾರ್ಸ್ ದೇವರುಗಳನ್ನು ಆರಾಧಿಸುವ ಸಂಘವೊಂದು 1972ರಲ್ಲಿ ಶುರುವಾಗಿ ಮರುವರ್ಷವೇ ಸರ್ಕಾರದ ಮಾನ್ಯತೆ ಪಡೆಯಿತು. ಅದರ ಈಗಿನ ಮುಖ್ಯಸ್ಥರು ಹಿಲ್ಮರ್ ಓರ್ನ್ ಹಿಲ್ಮರ್ಸನ್, ಸಂಗೀತ ಸಂಯೋಜಕರು. ಎಂಟು ಕಾಲಿನ ಕುದುರೆ ಮೇಲೆ ಒಕ್ಕಣ್ಣ ದೇವರು ತಿರುಗುತ್ತಾನೆ ಅಂತ ಅಕ್ಷರಶಃ ನಂಬುವವರು ನಮ್ಮಲ್ಲಿ ಯಾರೂ ಇಲ್ಲ, ಈ ಕತೆಗಳು ಪ್ರಕೃತಿಯ ಶಕ್ತಿಗಳನ್ನು ಹೇಳುವ ಕಾವ್ಯ ಎಂಬ ಅರ್ಥದ ಮಾತನ್ನು ಅವರು 2015ರಲ್ಲಿ ಬಹಿರಂಗವಾಗಿಯೇ ಆಡಿದರು. ಅಧ್ಯಕ್ಷರೇ ಹೀಗಂದರೂ ಸಂಘ ಬೆಳೆಯುತ್ತಲೇ ಇದೆ. ನಂಬಿದ ಮೇಲೆ ಆಚರಣೆ ಅಂತಲೇ ಎಲ್ಲರಿಗೂ ಆಗಬೇಕಿಲ್ಲ. ಕೆಲವರಿಗೆ ಆಚರಣೆಯೇ ಸಾಕು. ಕಾಣದ್ದನ್ನು ಕಂಡೆ ಅಂತ ಮಕ್ಕಳ ಮುಂದೆ ಹೇಳಿದರೆ ಅದು ಆಷಾಢಭೂತಿತನ. ನೀವು ಹಾಗೆ ಹೇಳುತ್ತಿಲ್ಲ. ದೀಪ ಹಚ್ಚಿ ಮೇಷ್ಟ್ರೇ.

ಪ್ರಶ್ನೆ: ಅಕ್ಕಾ, ನಮ್ಮ ಕಾಫಿ ತೋಟದ ಅಂಚಿಗೆ ಚೌಡಿ ಬನ ಇದೆ. ಒಂದು ಕಲ್ಲು, ಒಂದು ತ್ರಿಶೂಲ, ಸುತ್ತ ಒಂದೂವರೆ ಎಕರೆ ಕಾಡು. ಈಗ ದೊಡ್ಡಪ್ಪ ಜೋಯಿಸರನ್ನು ಕರೆಸಿ, ದೇವರ ಇಚ್ಛೆ ಏನು ಅಂತ ತಿಳಿಯಲು ಅಷ್ಟಮಂಗಲ ಪ್ರಶ್ನೆ ಇಡಿಸಿದ್ದಾರೆ. ಅಮ್ಮ ಬಿಸಿಲು ಮಳೆಯಲ್ಲಿ ನೆನೆಯುತ್ತಿದ್ದಾಳೆ, ಗುಡಿ ಕಟ್ಟಬೇಕು ಅಂತ ಬಂತಂತೆ. ಆರ್‌ಸಿಸಿ ಗುಡಿ, ಸುತ್ತ ಇಂಟರ್‌ಲಾಕ್, ಕಾರು ನಿಲ್ಲಿಸಲು ಜಾಗ. ಅದಕ್ಕೆ ಮರಗಳು ಹೋಗುತ್ತವೆ. ನಾನು ಬೇಡ ಅಂದೆ. ಹೆಣ್ಣುಮಗು, ನಾಳೆ ಬೇರೆ ಮನೆಗೆ ಹೋಗೋಳು, ದೇವರನ್ನೂ ನಂಬಲ್ಲ, ನಿನಗ್ಯಾಕೆ ಅಂದರು. ನಾನು ನಂಬುವುದಿಲ್ಲ, ಅದು ನಿಜ. ಹಾಗಾದರೆ ನನಗೆ ಮಾತಾಡೋ ಹಕ್ಕಿಲ್ವಾ?
– ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಯುವತಿ, ಸಕಲೇಶಪುರ

ಉತ್ತರ: ಇದೆ ತಂಗಿ, ಖಂಡಿತ ಇದೆ. ಈ ಸಲದ ಪತ್ರಗಳಲ್ಲಿ ನನ್ನನ್ನು ಬಹಳ ಹೊತ್ತು ಕೂರಿಸಿದ್ದು ನಿನ್ನದೇ. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಆ ಜಾಗ ಎಂಥದ್ದು ಅಂತ ನೋಡು. ಚೌಡಿ ಬನಗಳಿಗೆ ಹೋದವರಿಗೆ ಗೊತ್ತು, ಬೇಸಿಗೆಯಲ್ಲೂ ಒಳಗೆ ಕಾಲಿಟ್ಟ ತಕ್ಷಣ ತಣ್ಣಗೆ. ಕಲ್ಲಿಗೆ ಮೆತ್ತಿದ ಅರಿಶಿನ ಕುಂಕುಮ, ಒಣಗಿದ ಸಿಂಗಾರ, ಒಡೆದ ಗಾಜಿನ ಬಳೆ, ಕಾಯಿ ಚಿಪ್ಪು. ಅದರ ಸುತ್ತ ಪಾದ ಮುಳುಗುವಷ್ಟು ದರಗು, ಮಳೆಗಾಲವಾದರೆ ಉಂಬಳ. ಮೇಲೆ ರಂಜ, ಧೂಪ, ಹಲಸು, ಬೈನೆ. ತೋಟದಲ್ಲಿ ವರ್ಷ ವರ್ಷ ನೆರಳಿನ ಮರಗಳ ಕೊಂಬೆ ಸವರಿ ಮರಗಸಿ ಮಾಡುತ್ತೇವೆ, ಕಾಡುಮರ ತೆಗೆದು ಸಿಲ್ವರ್ ಓಕ್ ನೆಟ್ಟು ಮೆಣಸು ಹಬ್ಬಿಸುತ್ತೇವೆ. ಕತ್ತಿ ಮುಟ್ಟದೆ ಉಳಿದದ್ದು ಆ ಒಂದೂವರೆ ಎಕರೆ ಮಾತ್ರ. ಅದನ್ನು ಉಳಿಸಿದ್ದು ಅರಣ್ಯ ಇಲಾಖೆಯ ಬೋರ್ಡಲ್ಲ, ಅಮ್ಮನ ಮರಕ್ಕೆ ಕೊಡಲಿ ಹಾಕಬಾರದು ಎಂಬ ಭಯ ಭಕ್ತಿ. ಕೊಡಗಿನಲ್ಲಿ ಇಂಥ ದೇವರಕಾಡುಗಳು 1200ಕ್ಕೂ ಹೆಚ್ಚು ದಾಖಲೆಯಲ್ಲಿವೆ. ಮಾಧವ ಗಾಡ್ಗೀಳ್ ಮತ್ತು ವಿ.ಡಿ. ವರ್ತಕ್ 1970ರ ದಶಕದಲ್ಲೇ ಪಶ್ಚಿಮ ಘಟ್ಟದ ದೇವರ ಬನಗಳನ್ನು ಸುತ್ತಿ ನೋಡಿ ಅವುಗಳ ಬೆಲೆ ಏನೆಂದು ವಿಜ್ಞಾನಿಗಳಿಗೆ ತೋರಿಸಿಕೊಟ್ಟರು. ಇಂಗ್ಲೆಂಡಿನಲ್ಲಿ, ಜರ್ಮನಿಯಲ್ಲಿ ಹೊಸ ಪೇಗನ್ನರು ತಮ್ಮ ಪೂರ್ವಜರ ಪವಿತ್ರ ಬನಗಳನ್ನು ಪುಸ್ತಕದಲ್ಲಿ ಹುಡುಕುತ್ತಾರೆ, ಯಾಕೆಂದರೆ ನೆಲದ ಮೇಲೆ ಅವು ಉಳಿದಿಲ್ಲ. ನಿಮ್ಮದು ಇನ್ನೂ ಇದೆ.

ಗುಡಿ ಕಟ್ಟಿದರೆ ಏನಾಗುತ್ತದೆ? ಮರ ಹೋಗುವುದು ಕಣ್ಣಿಗೆ ಕಾಣುವ ನಷ್ಟ. ಕಾಣದ ನಷ್ಟ ಇನ್ನೊಂದಿದೆ. ಈಗ ಅಲ್ಲಿ ಪೂಜೆ ಮಾಡುತ್ತಿರುವವರು ಯಾರು? ಇಂಥ ಬನಗಳಲ್ಲಿ ಎಷ್ಟೋ ಕಡೆ ಊರಿನದೇ ಒಂದು ಮನೆತನ, ಎಷ್ಟೋ ಕಡೆ ದಲಿತ ಕುಟುಂಬ, ಇಲ್ಲವೇ ತೋಟದ ಲೈನಿನ ಹಿರಿಯರೊಬ್ಬರು. ಕೋಳಿ ಕೊಡುತ್ತಾರೆ, ಅಲ್ಲೇ ಅಡುಗೆ ಮಾಡಿ ಉಂಡು ಬರುತ್ತಾರೆ. ಗುಡಿಯಾಗಿ, ಬ್ರಹ್ಮಕಲಶ ಆಗಿ, ಹೊರಗಿನಿಂದ ಅರ್ಚಕರು ಬಂದ ಮೇಲೆ ಕೋಳಿ ನಿಲ್ಲುತ್ತದೆ, ಹಳೆಯ ಪೂಜಾರಿ ಬಾಗಿಲಾಚೆ ನಿಲ್ಲುತ್ತಾನೆ, ಅಮ್ಮನಿಗೆ ಹೊಸ ಹೆಸರು ಬರುತ್ತದೆ. ಅಧಿಕಾರ ಯಾರ ಕೈಯಿಂದ ಯಾರ ಕೈಗೆ ಹೋಯಿತು ಅಂತ ಯಾರೂ ಕೇಳುವುದಿಲ್ಲ. ನೀನು ಅದನ್ನು ಕೇಳು. ಆ ಪೂಜೆ ಮಾಡುವವರ ಮನೆಗೇ ಹೋಗಿ ಕೇಳು, ನಿಮಗೆ ಏನನ್ನಿಸುತ್ತದೆ ಅಂತ. ಅಷ್ಟಮಂಗಲದಲ್ಲಿ ಅವರನ್ನು ಕೂರಿಸಿದ್ದರಾ?

ಈಗ ನಿನ್ನ ದೊಡ್ಡಪ್ಪನ ವಿಷಯ. ಅವರನ್ನು ಮೂಢನಂಬಿಕೆಯವರು ಅಂತ ದೂರಬೇಡ. ಅವರಿಗೂ ಅಮ್ಮನ ಮೇಲೆ ಪ್ರೀತಿ ಇದೆ, ಅಮ್ಮ ನೆನೆಯುತ್ತಿದ್ದಾಳೆ ಅನ್ನುವ ಮಾತು ಅವರ ಕರುಳಿಗೆ ತಾಗಿದೆ. ಅವರ ಜೊತೆ ಅವರ ಭಾಷೆಯಲ್ಲೇ ಮಾತಾಡು. ಧರ್ಮಸ್ಥಳಕ್ಕೆ ಸುಬ್ರಹ್ಮಣ್ಯಕ್ಕೆ ಹೋಗುವಾಗ ಘಟ್ಟದ ಕೆಳಗೆ ಕೊಕ್ಕಡದ ಹತ್ತಿರ ಸೌತಡ್ಕ ಇದೆಯಲ್ಲ, ಅಲ್ಲಿಗೆ ಒಮ್ಮೆ ಕರೆದುಕೊಂಡು ಹೋಗು. ಆ ಗಣಪತಿಗೆ ಸೂರಿಲ್ಲ, ಗರ್ಭಗುಡಿ ಇಲ್ಲ, ಬಯಲಲ್ಲೇ ಕೂತಿದ್ದಾನೆ, ಜನ ಸಾಲು ಹಿಡಿದು ಬಂದು ಗಂಟೆ ಕಟ್ಟಿ ಹೋಗುತ್ತಾರೆ. ಮಳೆಯಲ್ಲಿ ನೆನೆಯುವುದು ದೇವರಿಗೆ ಕಷ್ಟ ಅಂತ ಅಲ್ಲಿ ಯಾರಿಗೂ ಅನ್ನಿಸಿಲ್ಲ. ಇಷ್ಟು ತಲೆಮಾರು ಸೂರು ಕೇಳದ ಅಮ್ಮ ಈಗ ತನ್ನ ಮರ ಕಡಿದು ಮನೆ ಕಟ್ಟಿ ಅಂದಳಾ, ಇನ್ನೊಮ್ಮೆ ಕೇಳೋಣ ದೊಡ್ಡಪ್ಪ, ಅಂತ ಕೇಳು. ನಿಜವಾದ ಭಕ್ತರಿಗೆ ಈ ಪ್ರಶ್ನೆಯಿಂದ ನೋವಾಗುವುದಿಲ್ಲ, ಯೋಚನೆಯಾಗುತ್ತದೆ.

ಕಾಗದದ ಕೆಲಸವನ್ನೂ ಜೊತೆಗೇ ಮಾಡು. ಬನದ ಸರ್ವೆ ನಂಬರಿನ ಪಹಣಿ ತೆಗೆಸು. ಬಹಳ ಕಡೆ ತೋಟದವರು ನಮ್ಮದೇ ಅಂದುಕೊಂಡ ಬನ ಸರ್ಕಾರಿ ಜಾಗದಲ್ಲಿರುತ್ತದೆ. ಖಾಸಗಿ ಜಾಗವಾದರೂ 1976ರ ಮರ ಸಂರಕ್ಷಣಾ ಕಾಯ್ದೆ ಇದೆ, ಇಷ್ಟ ಬಂದ ಮರವನ್ನೆಲ್ಲ ಕೇಳದೆ ಕಡಿಯುವಂತಿಲ್ಲ. ಪಂಚಾಯ್ತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಅಂತ ಒಂದಿರಬೇಕು, 2002ರ ಕಾಯ್ದೆ ಪ್ರಕಾರ. ಹೆಸರಿಗಷ್ಟೇ ಇದ್ದರೂ ಅದರ ಮುಂದೆ ಬನದ ಮರಗಳ ಪಟ್ಟಿ ಕೊಟ್ಟು ದಾಖಲಿಸು. ನಮ್ಮ ಚಿಕ್ಕಮಗಳೂರು ಜಿಲ್ಲೆಯ ಹೊಗರೆಕಾನು 2010ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಣೆ ಆದದ್ದು ಇದೇ ಕಾಯ್ದೆಯಡಿ. ಆದರೆ ಮೊದಲು ಮನೆಯ ಮಾತು, ಆಮೇಲೆ ಕಾಗದ. ಕಾಯ್ದೆ ತೋರಿಸಿ ಗೆದ್ದರೆ ಈ ವರ್ಷ ಬನ ಉಳಿಯುತ್ತದೆ. ದೊಡ್ಡಪ್ಪನೇ ಒಪ್ಪಿದರೆ ಅವರ ಮಕ್ಕಳ ಕಾಲಕ್ಕೂ ಉಳಿಯುತ್ತದೆ.

ಒಪ್ಪದಿದ್ದರೆ ಮಧ್ಯದ ದಾರಿಗೂ ತಯಾರಾಗಿರು. ಕಲ್ಲಿಗೆ ಒಂದು ಕಟ್ಟೆ, ಕಾರು ರಸ್ತೆಯಲ್ಲೇ, ಬನದೊಳಗೆ ಸಿಮೆಂಟಿಲ್ಲ. ಅಷ್ಟಾದರೂ ಸಿಕ್ಕರೆ ಬಿಡಬೇಡ.

ನಂಬದವಳಿಗೆ ಹಕ್ಕಿದೆಯಾ ಅಂತ ಕೇಳಿದೆ. ಬೆಂಗಳೂರಿನಲ್ಲಿ ಕೂತು ಒಂದು ಬನಕ್ಕಾಗಿ ನಿದ್ದೆಗೆಡುತ್ತಿರುವವಳು ನೀನು. ಇಂಗ್ಲೆಂಡಿನ ಎಷ್ಟೋ ಪೇಗನ್ ಗುಂಪುಗಳಲ್ಲಿ ನಿನ್ನನ್ನು ನಾಸ್ತಿಕಳು ಅಂತ ಹೊರಗಿಡುವುದಿಲ್ಲ. ಊರಿನವರೂ ಇಡಬಾರದು.

ಪ್ರಶ್ನೆ: ನೀವು ಪ್ರಕೃತಿ ಮಾತೆ ಅಂತ ಚೆಂದ ಬರೆಯುತ್ತೀರಿ. 2019ರ ಆಗಸ್ಟಿನಲ್ಲಿ ನಮ್ಮ ಗುಡ್ಡ ಜರಿದು ಗದ್ದೆ, ತೋಟ ಎರಡೂ ಮಣ್ಣಿನಡಿ ಹೋದವು. ಭೂತಕ್ಕೆ ಸರಿಯಾಗಿ ನಡೆಸಿಲ್ಲ, ಅದಕ್ಕೇ ಹೀಗಾಯ್ತು ಅಂತ ಊರಲ್ಲಿ ಒಬ್ಬರು ನನ್ನ ಮುಖಕ್ಕೇ ಹೇಳಿದರು. ಯಾವ ತಾಯಿ ಮಕ್ಕಳ ಮೇಲೆ ಗುಡ್ಡ ನೂಕುತ್ತಾಳೆ?
– ಕೃಷಿಕರು, ಮೂಡಿಗೆರೆ ತಾಲ್ಲೂಕು

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ಆ ಮಾತು ಆಡಿದವರು ನಿಮ್ಮ ಗಾಯಕ್ಕೆ ಉಪ್ಪು ಹಾಕಿದರು. ನೀವು ಭೂತಕ್ಕೆ ಏನು ಕೊಟ್ಟಿರಿ, ಏನು ಬಿಟ್ಟಿರಿ ಎಂಬುದಕ್ಕೂ ಗುಡ್ಡಕ್ಕೂ ಸಂಬಂಧವಿಲ್ಲ. ಕಡಿದಾದ ಇಳಿಜಾರು, ಬಂಡೆಯ ಮೇಲೆ ದಪ್ಪ ಮಣ್ಣು, ಕೆಲವೇ ದಿನಗಳಲ್ಲಿ ಸುರಿದ ವಿಪರೀತ ಮಳೆ. ನೀರು ಇಳಿದಷ್ಟೂ ಮಣ್ಣಿನ ಭಾರ ಹೆಚ್ಚುತ್ತದೆ, ಹಿಡಿತ ಸಡಿಲವಾಗುತ್ತದೆ. ರಸ್ತೆಗೋ ಮನೆಗೋ ಗುಡ್ಡದ ಬುಡ ಜೆಸಿಬಿಯಲ್ಲಿ ಕೊರೆದಿದ್ದರೆ ಮೇಲಿನದಕ್ಕೆ ಆಧಾರವೇ ಇರುವುದಿಲ್ಲ. ಅದರ ಹಿಂದಿನ ವರ್ಷ, 2018ರಲ್ಲಿ, ಕೊಡಗಿನಲ್ಲಿ ಹೀಗೇ ಆಯಿತು, 2024ರ ಜುಲೈನಲ್ಲಿ ವಯನಾಡಿನಲ್ಲಿ ಇಡೀ ಊರುಗಳೇ ಹೋದವು. ಅಲ್ಲಿ ಸತ್ತ ಮಕ್ಕಳು ಯಾವ ಹರಕೆ ತಪ್ಪಿಸಿದ್ದರು ಹೇಳಿ.

ಪ್ರಕೃತಿ ಎಂದರೆ ಬರೀ ಒಳ್ಳೆಯದು, ಅದು ನಮ್ಮನ್ನು ಸದಾ ಪೊರೆಯುತ್ತದೆ ಎಂದು ಬರೆಯುವ ಪೇಗನ್ನರು ಪಶ್ಚಿಮದಲ್ಲಿ ಬೇಕಾದಷ್ಟಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಹಾಗೆ ಬರೆಯುವವರು ಆರಿದ್ರಾ ಮಳೆಯ ರಾತ್ರಿ ಗುಡ್ಡದ ಬುಡದಲ್ಲಿ ಮಲಗಿದವರಲ್ಲ. ನಮ್ಮ ಮಲೆನಾಡಿನ ಹಿರಿಯರು ಚೌಡಿಯನ್ನಾಗಲಿ ಪಂಜುರ್ಲಿಯನ್ನಾಗಲಿ ಸೌಮ್ಯ ಅಂತ ಎಂದೂ ಅನ್ನಲಿಲ್ಲ. ಬನದ ಹತ್ತಿರ ಉಗುಳಬಾರದು, ಒಳಗೆ ಹೋಗುವ ಮುಂಚೆ ಕೇಳಿ ಹೋಗಬೇಕು, ಎತ್ತರದ ದನಿಯಲ್ಲಿ ಮಾತಾಡಬಾರದು. ಕಾಡು, ಗುಡ್ಡ, ಆನೆ ಇವೆಲ್ಲ ನಮಗಿಂತ ದೊಡ್ಡವು, ನಮ್ಮ ಲೆಕ್ಕಕ್ಕೆ ನಡೆಯುವಂಥವಲ್ಲ ಎಂಬ ತಿಳಿವಳಿಕೆ ಅದು. ಅದರಲ್ಲಿ ಪ್ರೀತಿಯೂ ಇತ್ತು, ಹೆದರಿಕೆಯೂ ಇತ್ತು. ತಾಯಿ ಅನ್ನುವ ಮಾತು ನಿಮಗೆ ಈಗ ಬೇಡವಾದರೆ ಬಿಟ್ಟುಬಿಡಿ. ಭಕ್ತಿ ಬೇಡವಾದರೆ ಅದನ್ನೂ ಬಿಡಿ. ಯಾರಿಗೂ ನೀವು ಲೆಕ್ಕ ಕೊಡಬೇಕಾಗಿಲ್ಲ.

ಒಂದನ್ನು ಮಾತ್ರ ಕೈಮುಗಿದು ಕೇಳುತ್ತೇನೆ. ಮಳೆಗಾಲದಲ್ಲಿ ಗುಡ್ಡದ ನೆತ್ತಿಯಲ್ಲಿ ಹೊಸ ಬಿರುಕು, ವಾಲಿದ ಮರ ಅಥವಾ ಕರೆಂಟ್ ಕಂಬ, ತಿಳಿಯಾಗಿ ಬರುತ್ತಿದ್ದ ಒರತೆ ದಿಢೀರನೆ ಕೆಂಪಾಗುವುದು ಅಥವಾ ನಿಂತೇ ಹೋಗುವುದು, ಇವುಗಳಲ್ಲಿ ಒಂದು ಕಂಡರೂ ರಾತ್ರಿಯಾಗುವುದರೊಳಗೆ ಮನೆ ಬಿಡಿ. ದನಗಳ ಹಗ್ಗ ಬಿಚ್ಚಿ ಹೊರಡಿ.

ಪ್ರಶ್ನೆ: ಪೇಗನ್ನರ ಎಂಟು ಹಬ್ಬಗಳ ಬಗ್ಗೆ ಬರೆದಿದ್ದಿರಿ. ನನಗೂ ಆಚರಿಸಬೇಕು ಅನ್ನಿಸಿದೆ. ಯಾವುದರಿಂದ ಶುರು ಮಾಡಲಿ?
– ಯುವ ಓದುಗ, ಕೊಪ್ಪ

ಉತ್ತರ: ಆ ಎಂಟು ಹಬ್ಬಗಳು ಉತ್ತರದ ಚಳಿ ದೇಶಗಳಿಗೆ ಹೊಂದಿದವು. ಹಗಲು ಅತಿ ಉದ್ದವಾದ ದಿನ, ಅತಿ ಗಿಡ್ಡವಾದ ದಿನ, ಹಗಲು ರಾತ್ರಿ ಸಮನಾದ ಎರಡು ದಿನ, ಅವುಗಳ ನಡುವೆ ಇನ್ನು ನಾಲ್ಕು. ಆಸ್ಟ್ರೇಲಿಯಾದ ಪೇಗನ್ನರು ತಮ್ಮ ಋತುವಿಗೆ ಸರಿಯಾಗಿ ಅವನ್ನು ಆರು ತಿಂಗಳು ಸರಿಸಿಕೊಂಡಿದ್ದಾರೆ. ಕೊಪ್ಪದಲ್ಲಿ ಫೆಬ್ರವರಿ 1ಕ್ಕೆ ಹಿಮ ಕರಗಿತು ಅಂತ ದೀಪ ಹಚ್ಚಿದರೆ ಏನು ಅರ್ಥ ಹೇಳಿ? ಆಗ ಇಲ್ಲಿ ಕಾಫಿ ಕೊಯ್ಲು ಮುಗಿಯುತ್ತಾ ಇರುತ್ತದೆ, ಎಲ್ಲರ ಕಣ್ಣು ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆಯ ಕಡೆಗೆ.

ನೀವು ಭೂಮಿ ಹುಣ್ಣಿಮೆಯಿಂದ ಶುರು ಮಾಡಿ, ಅಂದರೆ ಸೀಗೆ ಹುಣ್ಣಿಮೆ. ಗದ್ದೆಯಲ್ಲಿ ಭತ್ತ ಹೊಡೆ ತುಂಬಿರುವ ಹೊತ್ತು, ಭೂಮಿಗೆ ಬಸುರಿ ಬಯಕೆ ತೀರಿಸುವ ಹಬ್ಬ. ಹಿತ್ತಲಿನ, ಬೇಲಿಯ, ಕಾಡಿನ ಹತ್ತಾರು ಸೊಪ್ಪು ಸೇರಿಸಿ ರಾತ್ರಿಯೇ ಬೇಯಿಸಿ, ಬೆಳಗಿನ ಜಾವ ಹಚ್ಚಂಬಲಿ ಹಾಲಂಬಲಿ ಅಂತ ಕೂಗುತ್ತಾ ಗದ್ದೆಗೆ ಬೀರುತ್ತಾರೆ. ಇದಕ್ಕೆ ಪುರೋಹಿತರು ಬೇಡ, ಮಂತ್ರ ಬೇಡ, ನಂಬಿಕೆ ಇದೆಯಾ ಅಂತ ಯಾರೂ ಕೇಳುವುದಿಲ್ಲ. ಆದರೆ ಸೊಪ್ಪುಗಳು ಗೊತ್ತಿರಬೇಕು. ಹರಿವೆ, ಕೆಸು, ಬಸಳೆ, ಒಂದೆಲಗ ನಿಮಗೂ ಗೊತ್ತಿರುತ್ತವೆ, ಉಳಿದವು ಗೊತ್ತಿರುವುದು ನಿಮ್ಮ ಅಜ್ಜಿಗೆ ಅಥವಾ ಗದ್ದೆ ಕೆಲಸಕ್ಕೆ ಬರುವ ಹೆಂಗಸರಿಗೆ. ಹಬ್ಬಕ್ಕೆ ಒಂದು ವಾರ ಮುಂಚೆ ಅವರ ಜೊತೆ ಬೇಲಿ ಬೇಲಿ ಸುತ್ತಿ, ಒಂದೊಂದು ಎಲೆಯನ್ನೂ ಮುರಿದು ಮೂಸಿ, ಹೆಸರು ಬರೆದುಕೊಳ್ಳಿ. ಪಟ್ಟಿ ನಮಗೂ ಕಳಿಸಿದರೆ ಆ ತಿಂಗಳ ಸಂಚಿಕೆಯಲ್ಲಿ ಹಾಕುತ್ತೇವೆ.